ಕೂಸಿಗೆ ವಾಂತಿ-ಭೇದಿ ಆದ್ರೆ

ಪುಟ್ಟ ಮಕ್ಕಳಿರೋ ಮನೆಗೆ ವಾಂತಿ-ಭೇದಿ ಅನ್ನೋದು ಹೇಳದೆ ಕೇಳದೆ ಬರೋ ನೆಂಟರ ಥರ. ಹಗಲೆಲ್ಲ ಕುಣಿದಾಡ್ಕೊಂಡಿದ್ದ ಕೂಸು ರಾತ್ರಿ ಹತ್ತಕ್ಕೆ ಒಂದ್ಸಲ ಕಕ್ಕಿಕೊಳ್ಳತ್ತೆ, ಹನ್ನೊಂದಕ್ಕೆ ಇನ್ನೊಂದ್ಸಲ, ಬೆಳಗ್ಗೆ ಹೊತ್ತಿಗೆ ನೀರು ನೀರಾಗಿ ಭೇದಿ. ಅಷ್ಟು ಹೊತ್ತಿಗೆ ಮನೆಯವರೆಲ್ಲ ಎದ್ದಿರ್ತಾರೆ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಾರಣ. ಹಲ್ಲು ಬರ್ತಿದೆ. ದೃಷ್ಟಿ ಆಗಿದೆ. ಉಷ್ಣ ಆಗಿದೆ. ತಾಯಿ ಏನೋ ತಿಂದಿದಾಳೆ, ಹಾಲು ಕೆಟ್ಟಿದೆ. ನಮ್ಮ ದಟ್ಟಗಳ್ಳಿ ಮೂರನೇ ಹಂತದ ಈ ಒಂದು ಬೀದೀಲೇ ಐದು ವರ್ಷದೊಳಗಿನ ಮಕ್ಕಳು ಏಳು ಇದ್ದಾವೆ. ಹಾಗಾಗಿ ಈ ಮಾತೆಲ್ಲ ವರ್ಷಕ್ಕೆ ನಾಲ್ಕು ಸಲ ನನ್ನ ಕಿವಿ ಮೇಲೆ ಬಿದ್ದೇ ಬೀಳತ್ತೆ.

ದೃಷ್ಟಿ ತೆಗೀರಿ, ನಾನೇನೂ ಬೇಡ ಅನ್ನಲ್ಲ. ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕೋಕೆ ಎರಡು ನಿಮಿಷ ಸಾಕು, ದೊಡ್ಡೋರ ಮನಸ್ಸಿಗೂ ಸಮಾಧಾನ. ಆದ್ರೆ ಆ ಎರಡು ನಿಮಿಷದಲ್ಲೇ ಇನ್ನೊಬ್ಬರು ಒಳಗೆ ಒಂದು ಲೀಟರ್ ನೀರು ಅಳತೆ ಮಾಡ್ತಾ ಇರಬೇಕು, ಅಷ್ಟೇ.

ಹಲ್ಲಿನ ಮಾತು ಮಾತ್ರ ನಾನು ಒಪ್ಪಲ್ಲ. ಹಲ್ಲು ಬರೋದಕ್ಕೂ ನೀರು ಭೇದಿಗೂ ಸಂಬಂಧ ಇಲ್ಲ ಅಂತ ಮಕ್ಕಳ ಡಾಕ್ಟರುಗಳೆಲ್ಲ ಹೇಳ್ತಾರೆ. ಆದ್ರೆ ಎರಡೂ ಒಂದೇ ವಯಸ್ಸಲ್ಲಿ ಬರತ್ತಲ್ಲ, ಅದಕ್ಕೆ ನಮಗೆ ಹಾಗನ್ಸತ್ತೆ. ಆರೇಳು ತಿಂಗಳಿಗೆ ಕೂಸು ಅಂಬೆಗಾಲು ಇಡೋಕೆ ಶುರು ಮಾಡತ್ತೆ. ಚಪ್ಪಲಿ, ಕಸಬರಿಕೆ, ನಾಯಿ ಮೂಸಿ ಹೋದ ಬಿಸ್ಕತ್ತು, ಎಲ್ಲಾ ಬಾಯಿಗೇ. ತಾಯಿ ಹೊಟ್ಟೇಲಿದ್ದಾಗ ಬಂದಿದ್ದ ರೋಗ ತಡೆಯೋ ಶಕ್ತಿ ಆ ಹೊತ್ತಿಗೆ ಕಮ್ಮಿ ಆಗ್ತಾ ಬಂದಿರತ್ತೆ. ಮೇಲಿಂದ ಅನ್ನ, ರಾಗಿ ಸರಿ, ಬಾಟ್ಲಿ ಹಾಲು ಶುರುವಾಗಿರತ್ತೆ. ಇದೆಲ್ಲ ಬಿಟ್ಟು ನಾವು ಬೈಯೋದು ಪಾಪ ಹಲ್ಲನ್ನ.

ನಿಜವಾದ ಕಾರಣ ಹೆಚ್ಚಿನ ಸಲ ವೈರಸ್ಸು. ಅದರಲ್ಲಿ ರೋಟಾ ಅನ್ನೋದು ದೊಡ್ಡದು. ನಮ್ಮ ಕಡೆ ಅದರ ಹಾವಳಿ ಚಳಿಗಾಲದಲ್ಲಿ ಜಾಸ್ತಿ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಮೊದಲು ವಾಂತಿ, ಸ್ವಲ್ಪ ಜ್ವರ, ಆಮೇಲೆ ನೀರು ಭೇದಿ, ಮೂರರಿಂದ ಏಳು ದಿನ. ಇದು ಕೈಯಿಂದ ಬಾಯಿಗೆ ಹೋಗೋದು. ಡೈಪರ್ ಬದಲಾಯ್ಸಿ ಕೈನ ಬರೀ ನೀರಲ್ಲಿ ಅದ್ದಿ ಸೆರಗಿಗೆ ಒರೆಸ್ಕೊಂಡು ಬಂದು ಇನ್ನೊಂದು ಮಗೂಗೆ ತುತ್ತಿಟ್ರೆ ಮುಗೀತು, ಅದಕ್ಕೂ ಬಂತು ಅಂತಲೇ. ‘ಕೂಸಿನ ಕಕ್ಕ ಏನ್ ಮಹಾ’ ಅಂತ ನಾವು ತಿಳ್ಕೊಂಡಿದೀವಿ. ದೊಡ್ಡೋರದ್ದಕ್ಕಿಂತ ಅದರಲ್ಲೇ ರೋಗಾಣು ಕಮ್ಮಿ ಇರತ್ತೆ ಅನ್ನೋ ಹಾಗೇನೂ ಇಲ್ಲ. ಅದನ್ನೂ ಕಕ್ಕಸಿಗೇ ಹಾಕಬೇಕು, ಸೋಪು ಹಾಕೇ ಕೈ ತೊಳೀಬೇಕು.

ಬೇಸಿಗೆ, ಮಳೆಗಾಲದಲ್ಲಿ ಬರೋದು ಬೇರೆ ಥರ, ನೀರು-ಊಟದ ದಾರೀಲಿ ಬರೋ ಬ್ಯಾಕ್ಟೀರಿಯಾ. ಭೇದೀಲಿ ರಕ್ತ ಬರೋದು ಹೆಚ್ಚಾಗಿ ಇಂಥದ್ರಿಂದ. ನಮ್ಮೆಲ್ಲರ ಮನೇಲೂ ಸಂಪು, ಮೇಲೊಂದು ಟ್ಯಾಂಕು. ಕೊಳಾಯೀಲಿ ಬರೋವಾಗ ಶುದ್ಧವಾಗೇ ಇದ್ದ ನೀರು ಸಂಪಿಗೆ ಬಿದ್ದು ಹತ್ತು ದಿನ ನಿಂತು, ಮುಚ್ಚಳದ ಸಂದೀಲಿ ಮಳೆ ನೀರು ಇಳಿದು, ಮೇಲೆ ಹೋಗಿ ಇನ್ನೆರಡು ದಿನ ಕೂತು ಆಮೇಲೆ ಅಡುಗೆಮನೆಗೆ ಬರತ್ತೆ. ಸಂಪು ಕೊನೇ ಸಲ ತೊಳ್ಸಿದ್ದು ಯಾವಾಗ ಅಂತ ನೆನಪು ಮಾಡ್ಕೊಳಿ. ಗೃಹಪ್ರವೇಶದ ದಿನ ಅನ್ನೋರೇ ಜಾಸ್ತಿ!

ನೀರು ಕೆಟ್ರೆ ಏನಾಗತ್ತೆ ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ. 2024ರ ಮೇ ತಿಂಗಳಲ್ಲಿ ನಮ್ಮ ಮೈಸೂರು ತಾಲ್ಲೂಕಿನ ಸಾಲುಂಡೀಲಿ ಕುಡಿಯೋ ನೀರು ಕೆಟ್ಟು ಎಷ್ಟೋ ಜನ ವಾಂತಿ-ಭೇದಿ ಅಂತ ಆಸ್ಪತ್ರೆ ಸೇರಿದ್ರು, ಒಬ್ಬ ಯುವಕ ಜೀವಾನೇ ಕಳ್ಕೊಂಡ. ಆ ವಾರ ನಮ್ಮ ಬೀದೀಲಿ ಎಲ್ರೂ ನೀರು ಕಾಯ್ಸಿ ಕುಡಿದ್ರು. ಮುಂದಿನ ವಾರ ಮರ್ತರು. ಕುದಿಸೋದು ಅಂದ್ರೆ ಬೆಚ್ಚಗೆ ಮಾಡೋದಲ್ಲ, ಗುಳುಗುಳು ಅಂತ ಕುದಿ ಬಂದು ಒಂದು ನಿಮಿಷ ಆದ್ರೂ ಕುದೀಬೇಕು. ಆಮೇಲೆ ಮುಚ್ಚಿಡಬೇಕು. ಅದ್ದೋ ಲೋಟಕ್ಕೆ ಉದ್ದ ಹಿಡಿ ಇದ್ರೆ ಒಳ್ಳೇದು, ಬೆರಳು ನೀರಿಗೆ ತಾಗಲ್ಲ.

ಊಟದ್ದೂ ಒಂದು ಮಾತು. ಮದುವೆ, ನಾಮಕರಣ ಅಂತ ಹೋಗಿ ಬಂದು ಎರಡು ಮೂರು ಗಂಟೇಲೇ ವಾಂತಿ ಶುರುವಾದ್ರೆ ಅದು ಊಟದಲ್ಲೇ ಬೆಳೆದಿರೋ ವಿಷ. ‘ಬಿಸಿ ಮಾಡ್ಬಿಟ್ಟೆ, ಏನಾಗಲ್ಲ’ ಅಂತೀವಲ್ಲ, ಬಿಸಿ ಮಾಡಿದ್ರೆ ಕ್ರಿಮಿ ಸಾಯತ್ತೆ, ಅದು ಬಿಟ್ಟಿರೋ ವಿಷ ಕೆಲವು ಸಲ ಹಾಗೇ ಉಳಿಯತ್ತೆ. ರಾತ್ರಿ ಅನ್ನ ಹೊರಗೇ ಇಟ್ಟು ಬೆಳಗ್ಗೆ ಚಿತ್ರಾನ್ನ ಮಾಡೋದು ನಮ್ಮ ಕಡೆ ಮಾಮೂಲಿ. ದೊಡ್ಡೋರಿಗೆ ತಡೆಯತ್ತೆ, ಪುಟ್ಟ ಮಕ್ಕಳಿಗೆ ಕೊಡಬೇಡಿ. ಬಾಟ್ಲಿ ಹಾಲಂತೂ ನನ್ನ ಕಣ್ಣಿಗೆ ಶತ್ರು. ಆ ನಿಪ್ಪಲ್ಲಿನ ಒಳಗೆ ಎಷ್ಟು ಉಜ್ಜಿದ್ರೂ ಜಿಡ್ಡು ಹೋಗಲ್ಲ. ಎದೆಹಾಲು ಸಾಲದ ಕೂಸಿಗೆ ಲೋಟ-ಚಮಚ, ಇಲ್ಲಾ ನಮ್ಮ ಹಳೇ ಒಳಲೆ ಎಷ್ಟೋ ವಾಸಿ, ಪ್ರತಿ ಸಲ ಬಿಸಿನೀರಲ್ಲಿ ಕುದಿಸಿಡಬಹುದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಬೇಸಿಗೇಲಿ ನೀರೂ ಬೇಡ, ಜೇನುತುಪ್ಪ, ಗ್ರೈಪ್ ವಾಟರ್ ಮೊದಲೇ ಬೇಡ.

ಇಷ್ಟು ಕಾರಣ. ಆದ್ರೆ ರಾತ್ರಿ ಹನ್ನೆರಡು ಗಂಟೇಲಿ ಯಾವ ಕ್ರಿಮಿ ಅಂತ ಕಂಡುಹಿಡಿಯೋದು ನಮ್ಮ ಕೆಲಸ ಅಲ್ಲ. ಕೂಸಿನ ಮೈಯಿಂದ ನೀರು-ಉಪ್ಪು ಹೋಗ್ತಾ ಇದೆ, ಅದನ್ನ ವಾಪಸ್ ತುಂಬಬೇಕು. ವಾಂತಿ-ಭೇದೀಲಿ ಮಕ್ಕಳ ಪ್ರಾಣ ತೆಗೆಯೋದು ಬಹುಮಟ್ಟಿಗೆ ಈ ನೀರು ಆರೋದೇ. ಹತ್ತು ಕೆಜಿ ಇಲ್ಲದ ಮೈಯಲ್ಲಿ ಅರ್ಧ ಲೀಟರ್ ಹೋದ್ರೂ ಅದು ದೊಡ್ಡ ಲೆಕ್ಕ.

ಇಲ್ಲೇ ನಮ್ಮ ಮನೆಗಳಲ್ಲಿ ಜಗಳ ಶುರುವಾಗೋದು. ‘ನೀರು ಕೊಟ್ರೆ ಭೇದಿ ಜಾಸ್ತಿ ಆಗತ್ತೆ, ಹೊಟ್ಟೆಗೆ ರೆಸ್ಟು ಕೊಡು’ ಅನ್ನೋ ಮಾತು.

ಹೋದ ವರ್ಷ, 2025ರ ಸಂಕ್ರಾಂತಿಗೆ, ನನ್ನ ತಂಗಿ ಮಗಳು ಬೆಂಗಳೂರಿಂದ ಕೂಸು ಕರ್ಕೊಂಡು ನಮ್ಮನೆಗೆ ಬಂದಿದ್ಲು. ಹನ್ನೊಂದು ತಿಂಗಳ ಹೆಣ್ಣು ಕೂಸು. ಎಳ್ಳು-ಬೆಲ್ಲ ಬೀರಿ ಬಂದ ರಾತ್ರೀನೇ ಶುರು. ಎರಡು ಗಂಟೆ ಹೊತ್ತಿಗೆ ನಾಲ್ಕು ವಾಂತಿ, ಮೂರು ಭೇದಿ. ಅವಳ ಅತ್ತೆಗೆ ಫೋನ್ ಹೋಯ್ತು. ಬೀಗಿತ್ತಿ ಒಳ್ಳೇ ಹೆಂಗಸೇ, ಗಾಬರಿ ಬಿದ್ದು ‘ಬೆಳಗ್ಗೆ ತನಕ ಏನೂ ಕೊಡಬೇಡಮ್ಮ, ಎದೆಹಾಲೂ ಬೇಡ, ಹೊಟ್ಟೆ ನಿಲ್ಲಲಿ’ ಅಂದ್ರು. ನಮ್ಮ ಹುಡುಗಿ ಫೋನ್ ಇಟ್ಟು ನನ್ನ ಮುಖ ನೋಡಿದ್ಲು. ‘ದೊಡ್ಡಮ್ಮ, ಏನ್ ಮಾಡ್ಲಿ?’

ನಮ್ಮಮ್ಮ ಹಾಲಲ್ಲಿ ಮಂಚದ ಮೇಲೆ ಎದ್ದು ಕೂತಿದ್ರು. ಎಂಬತ್ತೆರಡು ವರ್ಷ, ಕಿವಿ ಸ್ವಲ್ಪ ಮಂದ, ಆದ್ರೆ ಆ ಫೋನ್ ಮಾತು ಕೇಳ್ಸಿತ್ತು. ‘ನೀರು ಕೊಡೆ’ ಅಂದ್ರು. ಅಷ್ಟೇ. ಆಮೇಲೆ ಎದ್ದು ಬಂದು ಕೆಳಗೆ ಗೋಡೆಗೆ ಒರಗಿ ಕೂತು ಕೂಸನ್ನ ತೊಡೆ ಮೇಲೆ ಹಾಕ್ಕೊಂಡ್ರು.

ಮನೇಲಿ ಒಆರ್‌ಎಸ್ ಪುಡಿ ಇತ್ತು. ನಾನು ಒಂದು ಲೀಟರ್ ಕಾಯ್ಸಿ ಆರಿಸಿದ ನೀರಿಗೆ ಪೂರ್ತಿ ಪ್ಯಾಕೆಟ್ ಸುರಿದು ಕಲಕ್ದೆ. ವಾಂತಿ ಆದ ಮೇಲೆ ಹತ್ತು ನಿಮಿಷ ಸುಮ್ನಿದ್ದು, ಆಮೇಲೆ ಒಂದು ಟೀ ಚಮಚ. ಎರಡು ನಿಮಿಷ ಬಿಟ್ಟು ಇನ್ನೊಂದು. ಗಡಿಯಾರ ನೋಡ್ಕೊಂಡೇ ಕೊಡಬೇಕು, ಅಂದಾಜಲ್ಲಿ ಕೊಟ್ರೆ ಆತುರ ಆಗ್ಬಿಡತ್ತೆ. ಬಾಯಾರಿದ ಕೂಸು ಲೋಟಾನೇ ಕಿತ್ಕೊಳ್ಳೋಕೆ ಬರತ್ತೆ, ಗಟಗಟ ಕುಡಿಸಿದ್ರೆ ಹೊಟ್ಟೆ ಹಿಗ್ಗಿ ಎಲ್ಲಾ ಆಚೆ. ಚಮಚದಲ್ಲಿ ಎಷ್ಟು ಹೋದೀತು ಅಂತ ನಮ್ಮ ಹುಡುಗಿ ಕೇಳಿದ್ಲು. ಲೆಕ್ಕ ಹಾಕಿ: ಚಮಚಕ್ಕೆ 5 ಮಿಲೀ, ಎರಡು ನಿಮಿಷಕ್ಕೊಂದು ಅಂದ್ರೆ ಗಂಟೆಗೆ 150 ಮಿಲೀ. ಮುಕ್ಕಾಲು ಲೋಟ. ಕಡಿಮೆಯೇನಲ್ಲ. ಮಧ್ಯ ಮಧ್ಯ ಎದೆಗೆ ಹಾಕ್ಕೋ ಅಂತಾನೂ ಹೇಳ್ದೆ.

ಮೂರೂವರೆಗೆ ಇನ್ನೊಂದ್ಸಲ ವಾಂತಿ ಆಯ್ತು. ನಮ್ಮ ಹುಡುಗಿ ಅತ್ತೇಬಿಟ್ಲು, ‘ಎಲ್ಲಾ ಹೋಯ್ತು ದೊಡ್ಡಮ್ಮ’ ಅಂತ. ಎಲ್ಲಾ ಹೋಗಲ್ಲ ಕಣ್ರಮ್ಮಾ. ನೋಡೋಕೆ ಬಟ್ಟೆ ಎಲ್ಲಾ ನೆಂದಿರತ್ತೆ, ಆದ್ರೆ ಕೊಟ್ಟಿದ್ದರಲ್ಲಿ ಒಂದಷ್ಟು ಒಳಗೆ ಇಳಿದೇ ಇರತ್ತೆ. ಹತ್ತು ನಿಮಿಷ ಕಾದು ಮತ್ತೆ ಶುರು ಮಾಡೋದು, ಈ ಸಲ ಇನ್ನೂ ನಿಧಾನ.

ಆ ಹೊತ್ತಲ್ಲೇ ಅಮ್ಮ ಮಾತಾಡಿದ್ದು. ಚಮಚ ಹಿಡ್ಕೊಂಡೇ, ನಮ್ಮ ಕಡೆ ನೋಡದೆ. ನನಗೊಬ್ಬ ಅಣ್ಣ ಇದ್ದ, ಚಿಕ್ಕದರಲ್ಲೇ ಹೋದ ಅಂತ ನಮಗೆಲ್ಲ ಗೊತ್ತಿತ್ತು. ಯಾಕೆ ಅಂತ ಯಾರೂ ಕೇಳಿರಲಿಲ್ಲ, ಅಮ್ಮ ಹೇಳಿರಲಿಲ್ಲ. ನಂಜನಗೂಡಿನ ಹತ್ತಿರ ಅವರ ಗಂಡನ ಮನೆ. 1963ನೇ ಇಸವಿ, ಒಂದೂವರೆ ವರ್ಷದ ಗಂಡು ಕೂಸು, ಮೂರು ದಿನ ವಾಂತಿ-ಭೇದಿ. ‘ನೀರು ಕೊಡಬೇಡಿ ಅಂದ್ರು ಕಣೆ. ಒದ್ದೆ ಬಟ್ಟೇಲಿ ತುಟಿ ಒರೆಸ್ತಿದ್ವಿ. ಅದು ಆ ಬಟ್ಟೇನೇ ಚೀಪ್ತಿತ್ತು. ನಾನು ಲೋಟ ಎತ್ತಿದ್ರೆ ಲೋಟದ ಕಡೇನೇ ನೋಡೋದು.’ ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ನೆತ್ತಿ ಗುಳಿ ಬಿದ್ದಿತ್ತು, ಹರಳೆಣ್ಣೆ ಹಾಕಿದ್ವಿ’ ಅಂದ್ರು.

ಅಷ್ಟು ಹೇಳಿ ಗಡಿಯಾರ ನೋಡಿ ಇನ್ನೊಂದು ಚಮಚ ಹಾಕಿದ್ರು.

ಅಮ್ಮನ ಅತ್ತೆ ಕಲ್ಲು ಮನಸ್ಸಿನವರೇನೂ ಆಗಿರಲಿಲ್ಲ. ಆ ಕಾಲದಲ್ಲಿ ಓದಿದ ಡಾಕ್ಟರುಗಳೇ ಎಷ್ಟೋ ಜನ ಹೊಟ್ಟೆಗೆ ವಿಶ್ರಾಂತಿ ಕೊಡಿ ಅಂತಲೇ ಹೇಳ್ತಿದ್ರು. ನೀರು ತುಂಬಬೇಕು ಅಂದ್ರೆ ನರಕ್ಕೆ ಗ್ಲೂಕೋಸ್ ಹಾಕಬೇಕು, ಅದಕ್ಕೆ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಹಳ್ಳೀಲಿ ಅದೆಲ್ಲಿತ್ತು? ಬಾಯಿಂದ ಕೊಟ್ಟ ನೀರೇ ಸಾಕು ಅಂತ ಜಗತ್ತಿಗೆ ಗಟ್ಟಿಯಾಗಿ ಗೊತ್ತಾಗಿದ್ದು ಅದಕ್ಕೆ ಎಂಟು ವರ್ಷ ಆದ ಮೇಲೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧ ಆದಾಗ ನಿರಾಶ್ರಿತರು ಲಕ್ಷಗಟ್ಟಲೆ ಬಂಗಾಳಕ್ಕೆ ಬಂದ್ರು. ಬನಗಾಂವ್ ಅನ್ನೋ ಊರಿನ ಶಿಬಿರದಲ್ಲಿ ಕಾಲರಾ. ಕಲ್ಕತ್ತಾದ ಮಕ್ಕಳ ಡಾಕ್ಟರು ದಿಲೀಪ್ ಮಹಾಲನಬಿಸ್ ಅಲ್ಲಿದ್ರು. ನರಕ್ಕೆ ಹಾಕೋ ಬಾಟ್ಲಿ ಮುಗಿದುಹೋಗ್ತಾ ಬಂತು. ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಅಳತೆ ಮಾಡಿ ನೀರಲ್ಲಿ ಕಲಸಿ, ಡ್ರಮ್ಮಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಿ ಅಂದ್ರು. ಶಿಬಿರದಲ್ಲಿ ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳೀತು. ಕುಡಿಸಿದೋರು ಯಾರು? ಅಮ್ಮಂದಿರು, ಅಕ್ಕಂದಿರು, ಅಜ್ಜಿಯರು. ಆ ಪುಣ್ಯಾತ್ಮರು 2022ರಲ್ಲಿ ತೀರಿಕೊಂಡ್ರು, ಮಾರನೇ ವರ್ಷ ಸರ್ಕಾರ ಅವರ ಹೆಸರಿಗೆ ಪದ್ಮವಿಭೂಷಣ ಕೊಡ್ತು. ಬದುಕಿದ್ದಾಗ ಕೊಡಬಾರದಿತ್ತಾ ಅನ್ನಿಸತ್ತೆ ನನಗೆ.

ಇದು ಹೇಗೆ ಕೆಲಸ ಮಾಡತ್ತೆ ಅಂತ ತಿಳ್ಕೊಂಡ್ರೆ ಅಳತೆ ಯಾಕೆ ತಪ್ಪಬಾರದು ಅಂತಾನೂ ತಿಳಿಯತ್ತೆ. ಭೇದಿ ಆಗೋವಾಗ ಕರುಳು ಬರೀ ನೀರನ್ನ ಸರಿಯಾಗಿ ಎಳ್ಕೊಳ್ಳಲ್ಲ. ಆದ್ರೆ ಸಕ್ಕರೆ ಅಂಶ ಒಳಗೆ ಹೋಗೋ ಬಾಗಿಲು ಒಂದು ತೆರೆದೇ ಇರತ್ತೆ. ಆ ಬಾಗಿಲಲ್ಲಿ ಸಕ್ಕರೆ ಉಪ್ಪಿನ ಕೈ ಹಿಡ್ಕೊಂಡೇ ಒಳಗೆ ಹೋಗೋದು, ಅವೆರಡರ ಹಿಂದೆ ನೀರು. ಸಕ್ಕರೆ ಜಾಸ್ತಿ ಆಯ್ತೋ, ಅದೇ ಸಕ್ಕರೆ ಮೈಯೊಳಗಿನ ನೀರನ್ನ ಕರುಳಿಗೆ ಎಳೆದು ಭೇದಿ ಹೆಚ್ಚು ಮಾಡತ್ತೆ. ಉಪ್ಪು ಜಾಸ್ತಿ ಆಯ್ತೋ, ಕೂಸಿಗೆ ಫಿಟ್ಸ್ ಬರೋ ಮಟ್ಟಿಗೆ ಅಪಾಯ.

ಅದಕ್ಕೇ ಪ್ಯಾಕೆಟ್ ಹಿಂದೆ ಎಷ್ಟು ನೀರಿಗೆ ಅಂತ ಬರೆದಿರೋದು ಓದಿ. ದೊಡ್ಡ ಪ್ಯಾಕೆಟ್, 20 ಗ್ರಾಂ ಚಿಲ್ಲರೆ ಇರೋದು, ಒಂದು ಲೀಟರಿಗೆ. ಒಂದು ಲೋಟಕ್ಕೆ ಅಂತಾನೇ ಬರೋ 200 ಮಿಲೀ ಪುಟ್ಟ ಪ್ಯಾಕೆಟ್ಟೂ ಇದೆ. ನಮ್ಮ ಪಕ್ಕದ ಬೀದೀಲಿ ಒಬ್ಬರು ದೊಡ್ಡ ಪ್ಯಾಕೆಟ್ಟಿಂದ ಚಿಟಿಕೆ ಚಿಟಿಕೆ ತೆಗೆದು ಲೋಟಕ್ಕೆ ಹಾಕ್ತಿದ್ರು. ಹಾಗೆ ಮಾಡಿದ್ರೆ ಯಾವ ಚಿಟಿಕೇಲಿ ಉಪ್ಪು, ಯಾವುದರಲ್ಲಿ ಸಕ್ಕರೆ, ದೇವರಿಗೇ ಗೊತ್ತು. ಲೀಟರ್ ನೀರಿನ ಬಾಟ್ಲಿ ಎಲ್ಲರ ಮನೇಲೂ ಇರತ್ತೆ, ಅದರಲ್ಲೇ ಅಳೀರಿ, ಪೂರ್ತಿ ಪುಡಿ ಒಂದೇ ಸಲ ಹಾಕಿ. ಕಲಸಿದ ಮೇಲೆ ಕುದಿಸಬಾರದು, ಹಾಲಿಗೆ ಜ್ಯೂಸಿಗೆ ಬೆರೆಸಬಾರದು, 24 ಗಂಟೆ ಆದ ಮೇಲೆ ಉಳಿದಿದ್ದು ಚೆಲ್ಲಬೇಕು. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿ ಆದ ಮೇಲೂ 50ರಿಂದ 100 ಮಿಲೀ, ಅದಕ್ಕಿಂತ ದೊಡ್ಡ ಮಗೂಗೆ 100ರಿಂದ 200.

ಪ್ಯಾಕೆಟ್ ಇಲ್ಲದ ರಾತ್ರೀಲಿ ಒಂದು ಲೀಟರ್ ನೀರು, ಮಟ್ಟಸ ಮಾಡಿದ ಆರು ಟೀ ಚಮಚ ಸಕ್ಕರೆ, ಮಟ್ಟಸ ಅರ್ಧ ಟೀ ಚಮಚ ಉಪ್ಪು. ಗೋಪುರ ಮಾಡಬೇಡಿ, ಚಾಕುವಿನ ಬೆನ್ನಲ್ಲಿ ಸವರಿ. ನಾಲಗೆ ಮೇಲೆ ಬಿಟ್ಟು ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ರೆ ಚೆಲ್ಲಿ ಬೇರೆ ಮಾಡಿ. ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ಪ್ಯಾಕೆಟ್ ತನ್ನಿ, ಅದರಲ್ಲಿರೋ ಪೊಟ್ಯಾಸಿಯಂ ನಮ್ಮ ಸಕ್ಕರೆ-ಉಪ್ಪಲ್ಲಿ ಇಲ್ಲ. ಉಪ್ಪು ಹಾಕಿದ ಗಂಜಿ ತಿಳಿ, ಬೇಳೆ ಕಟ್ಟು, ನೀರು ಮಜ್ಜಿಗೆ, ಎಳನೀರು ಕೂಡ ಜೊತೆಗೆ ಕೊಡಬಹುದು. ಕಾಫಿ, ಸೋಡಾ, ಕೂಲ್ ಡ್ರಿಂಕ್ಸ್ ಬೇಡ.

ಆವತ್ತು ನಮ್ಮ ಅಳಿಯಂದ್ರು ಬೆಳಗಿನ ಜಾವ ರಿಂಗ್ ರೋಡ್ ಕಡೆ ಓಡಿ ಯಾವುದೋ ಮೆಡಿಕಲ್ ಶಾಪಿಂದ ಹಣ್ಣಿನ ಚಿತ್ರ ಇರೋ ರಟ್ಟಿನ ಡಬ್ಬಿ ನಾಲ್ಕು ತಂದ್ರು. ಮುಂದೆ ದಪ್ಪಕ್ಷರದಲ್ಲಿ ಒಆರ್‌ಎಸ್ ಅನ್ನೋ ಹೆಸರು. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರೋ ಒಆರ್‌ಎಸ್ ಅಲ್ಲ ಅಂತ! ಕನ್ನಡಕ ಹಾಕ್ಕೊಂಡು ಓದಿ ನಾನೇ ತೋರ್ಸ್ದೆ. ಬರೀ ಸಕ್ಕರೆ ಪಾನಕ ಅದು. ನಿಜವಾದ ಒಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರೋದು, ಇಂಥವುಗಳಲ್ಲಿ ಅದರ ಎಷ್ಟೋ ಪಟ್ಟು. ಹೈದರಾಬಾದಿನ ಮಕ್ಕಳ ಡಾಕ್ಟರು ಶಿವರಂಜನಿ ಸಂತೋಷ್ ಅನ್ನೋ ಹೆಣ್ಣುಮಗಳು ಇದರ ಮೇಲೆ ಎಂಟು ವರ್ಷ ಹೋರಾಡಿದ್ರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐನವರು ಇಂಥ ಪಾನೀಯಗಳ ಮೇಲೆ ಒಆರ್‌ಎಸ್ ಅನ್ನೋ ಹೆಸರೇ ಹಾಕಬಾರದು ಅಂತ ಆದೇಶ ಮಾಡಿದ್ರು. ಆದ್ರೂ ಕೇಳೋವಾಗ ‘ನೀರಲ್ಲಿ ಕಲಸೋ ಪುಡಿ, ಡಬ್ಲ್ಯುಎಚ್‌ಓ ಫಾರ್ಮುಲಾ’ ಅಂತಾನೇ ಕೇಳಿ. ಅಳಿಯಂದ್ರು ಬೇಜಾರು ಮಾಡ್ಕೊಳ್ಳಲಿಲ್ಲ ಪಾಪ, ಆ ನಾಲ್ಕನ್ನೂ ಅವರೇ ಕುಡಿದು ಮುಗಿಸಿದ್ರು.

ಆರು ಗಂಟೆಗೆ ಕೂಸು ಉಚ್ಚೆ ಹುಯ್ತು. ಅಮ್ಮನ ಸೀರೆ ಪೂರ್ತಿ ನೆಂದುಹೋಯ್ತು. ಯಾವ ಕೂಸಿನ ಉಚ್ಚೆಗೂ ಯಾರೂ ಅಷ್ಟು ಸಂತೋಷ ಪಟ್ಟಿರಲ್ಲ. ಭೇದಿ ಇನ್ನೂ ನಾಲ್ಕು ದಿನ ಇತ್ತು. ಅದು ನಿಲ್ಲೋದು ತನ್ನಷ್ಟಕ್ಕೆ ತಾನೇ. ಒಆರ್‌ಎಸ್ ಭೇದಿ ನಿಲ್ಲಿಸೋ ಔಷಧಿ ಅಲ್ಲ, ಭೇದಿ ನಿಲ್ಲೋವರೆಗೆ ಕೂಸನ್ನ ಕಾಯೋದು. ಇದು ಗೊತ್ತಿಲ್ಲದೆ ‘ಎಷ್ಟು ಕುಡಿಸಿದ್ರೂ ನಿಲ್ತಿಲ್ಲ’ ಅಂತ ಎರಡನೇ ದಿನ ಬಿಟ್ಟುಬಿಡ್ತಾರೆ.

ನಿಲ್ಲಿಸೋ ಮಾತ್ರೆ ಅಂತ ದೊಡ್ಡೋರು ತಗೊಳ್ತೀವಲ್ಲ, ಅದನ್ನ ಪುಡಿ ಮಾಡಿ ಮಕ್ಕಳಿಗೆ ಕೊಡೋದು ಬಹಳ ಅಪಾಯ. ಅದು ಕರುಳಿನ ಓಟ ನಿಲ್ಲಿಸತ್ತೆ, ಹೊಟ್ಟೆ ಉಬ್ಬತ್ತೆ, ಕೂಸು ಮಂಕಾಗತ್ತೆ, ರೋಗ ಒಳಗೇ ಉಳಿಯತ್ತೆ. ಆ್ಯಂಟಿಬಯಾಟಿಕ್ಕೂ ವೈರಸ್ಸಿಗೆ ನಾಟಲ್ಲ, ರಕ್ತಭೇದಿ, ಕಾಲರಾ ಅಂತ ಇದ್ರೆ ಡಾಕ್ಟರೇ ಕೊಡ್ತಾರೆ. ವಾಂತಿ ಜೋರಿದ್ರೆ ಅದಕ್ಕೂ ಅವರ ಹತ್ರ ಔಷಧಿ ಇದೆ, ಕೂಸಿನ ತೂಕ ನೋಡಿ ಕೊಡಬೇಕಾದ್ದು. ಹೋದ ಸಲದ ಬಾಟ್ಲಿ ಫ್ರಿಜ್ಜಲ್ಲಿದೆ ಅಂತ ನೀವೇ ಹಾಕಬೇಡಿ. ಜಾಯಿಕಾಯಿ ತೇಯ್ದು ಹಾಕೋದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಜಾಸ್ತಿ ಆದ್ರೆ ಅದೂ ಕೂಸಿಗೆ ಮತ್ತು ಬರಿಸತ್ತೆ. ಆ ಹೊತ್ತಲ್ಲಿ ಕೂಸು ಮಂಕಾಗಿರೋದು ರೋಗದಿಂದಲೋ ಜಾಯಿಕಾಯಿಂದಲೋ ಡಾಕ್ಟರಿಗೂ ತಿಳೀಬೇಕಲ್ಲ, ಅದಕ್ಕೆ ಬೇಡ ಅಂತೀನಿ.

ಊಟ ನಿಲ್ಲಿಸಬಾರದು. ಎದೆಹಾಲಂತೂ ಯಾವ ಕಾರಣಕ್ಕೂ ನಿಲ್ಲಿಸೋ ಹಾಗಿಲ್ಲ, ಇನ್ನೂ ಎರಡು ಸಲ ಜಾಸ್ತಿ ಕೊಡಿ. ವಾಂತಿ ಹತೋಟಿಗೆ ಬಂದು ಮೂರ್ನಾಲ್ಕು ಗಂಟೆ ಆದ ಮೇಲೆ ಮೆತ್ತಗೆ ಕಿವುಚಿದ ಮೊಸರನ್ನ, ಇಡ್ಲಿ, ಬಾಳೆಹಣ್ಣು, ಬೇಳೆ ಕಟ್ಟು ಹಾಕಿದ ಅನ್ನಕ್ಕೆ ಒಂದು ಹನಿ ತುಪ್ಪ, ರಾಗಿ ಸರಿ. ದಿನಕ್ಕೆ ಐದಾರು ಸಲ, ಒಂದೊಂದು ಸಲಕ್ಕೆ ನಾಲ್ಕೇ ತುತ್ತು. ಜೋರಾಗಿ ಭೇದಿ ಆದ ಮೇಲೆ ಕೆಲವು ಮಕ್ಕಳಿಗೆ ಹಸುವಿನ ಹಾಲು ಕೆಲವು ದಿನ ಜೀರ್ಣ ಆಗಲ್ಲ. ಮೊಸರಾದ್ರೆ ತಡೆಯತ್ತೆ. ವಾಸಿ ಆದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ, ಕಳ್ಕೊಂಡ ತೂಕ ವಾಪಸ್ ಬರಬೇಕು.

ಈಗ ಭಯದ ಮಾತು, ಇದನ್ನ ಬಿಡೋ ಹಾಗಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ವಾಂತಿ-ಭೇದಿ ಅಂದ್ರೆ ಮನೇಲಿ ಏನೂ ಪ್ರಯೋಗ ಬೇಡ, ಸೀದಾ ಡಾಕ್ಟರ ಹತ್ರ. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಕಣ್ಣು ಗುಳಿ ಬಿದ್ರೆ, ಅತ್ರೆ ಕಣ್ಣೀರು ಬರದೇ ಇದ್ರೆ, ಬಾಯಿ ಒಣಗಿ ನಾಲಗೆ ಅಂಟಿದ್ರೆ, ಆರು ಗಂಟೆ ಉಚ್ಚೆ ಇಲ್ಲದಿದ್ರೆ, ನೆತ್ತಿ ಒಳಗೆ ಹೋಗಿದ್ರೆ (ಅದಕ್ಕೆ ಎಣ್ಣೆ ಅಲ್ಲ, ನೀರು ಬೇಕಾಗಿರೋದು), ಹೊಟ್ಟೆ ಮೇಲಿನ ಚರ್ಮ ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ರೆ ತಕ್ಷಣ ಕೂತ್ಕೊಳ್ಳದೆ ನಿಧಾನ ಇಳಿದ್ರೆ, ಹೊರಡಿ. ಕುಡಿದಿದ್ದೆಲ್ಲ ವಾಂತಿ ಆಗ್ತಿದ್ರೆ, ಕುಡಿಯೋಕೇ ಆಗದಷ್ಟು ಮಂಕಾಗಿದ್ರೆ, ಭೇದೀಲಿ ರಕ್ತ, ವಾಂತೀಲಿ ಹಸಿರು ಬಣ್ಣ, ಹೊಟ್ಟೆ ಉಬ್ಬರ, ಜೋರು ಜ್ವರ, ಫಿಟ್ಸ್ ಇದ್ರೂ ಅಷ್ಟೇ. ಕಾಲು ಮಡಿಸ್ಕೊಂಡು ಬಿಟ್ಟು ಬಿಟ್ಟು ಚೀರಿ ಅಳ್ತಾ ಕೆಂಪು ಜೆಲ್ಲಿ ಥರ ಭೇದಿ ಆದ್ರೆ ಕರುಳಲ್ಲಿ ಕರುಳು ಸಿಕ್ಕಿರಬಹುದು, ಒಂದು ಗಂಟೇನೂ ತಡ ಬೇಡ. ಭೇದಿ ಇಲ್ಲದೆ ಬರೀ ವಾಂತಿ, ಅದರ ಜೊತೆ ತಲೆ ಪೆಟ್ಟಾಗಿದ್ದ ನೆನಪಿದ್ರೆ ಅಥವಾ ಕುತ್ತಿಗೆ ಬಿಗಿದಿದ್ರೆ ಅದು ಹೊಟ್ಟೆ ಕಾಯಿಲೇನೇ ಅಲ್ಲ. ಹೊತ್ತಲ್ಲದ ಹೊತ್ತಲ್ಲಿ ಎಲ್ಲಿಗೆ ಅಂತ ಯೋಚ್ನೆ ಮಾಡ್ತಾ ಕೂರಬೇಡಿ, ಊರಲ್ಲಿ ಚೆಲುವಾಂಬ ಆಸ್ಪತ್ರೆ ಇರೋದೇ ಹೆಂಗಸರು ಮಕ್ಕಳಿಗೆ. ಆಟೋದಲ್ಲೂ ಕುಡಿಯೋ ಕೂಸಿಗೆ ಚಮಚ ನಿಲ್ಲಿಸಬೇಡಿ, ಬಾಟ್ಲಿ ಜೊತೇಲೇ ತಗೊಂಡು ಹೋಗಿ.

ರೋಟಾಕ್ಕೆ ಲಸಿಕೆ ಇದೆ, ಬಾಯಿಗೆ ಹಾಕೋ ಹನಿ. ಆರು, ಹತ್ತು, ಹದಿನಾಲ್ಕನೇ ವಾರ, ಪೋಲಿಯೋ ಹನಿ ಜೊತೇಲೇ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲ. 2016ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2019ರ ಹೊತ್ತಿಗೆ ದೇಶಕ್ಕೆಲ್ಲ ಬಂತು. ಇದರ ಹಿಂದೆ ಒಂದು ಬೆಂಗಳೂರಿನ ಕಥೆಯೂ ಇದೆ. ದೆಹಲಿಯ ಏಮ್ಸ್‌ನಲ್ಲಿ ಒಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಅವರ ಪ್ರಯೋಗಾಲಯದಲ್ಲಿ ಒಂದು, ಹೀಗೆ ಎರಡು ಥರದ ರೋಟಾ ವೈರಸ್ಸು ಸಿಕ್ಕಿತ್ತು. ಆಗ ತಾನೇ ಹುಟ್ಟಿದ ಕೂಸುಗಳ ಹೊಟ್ಟೇಲಿದ್ರೂ ಅವುಗಳಿಗೆ ಕಾಯಿಲೆ ಮಾಡದ ವೈರಸ್ಸು. ಎರಡನ್ನೂ ಪರೀಕ್ಷೆ ಮಾಡಿ ಕೊನೆಗೆ ದೆಹಲಿಯದ್ದನ್ನ ಆರಿಸಿ ಲಸಿಕೆ ಮಾಡಿದ್ರು. ನಮ್ಮ ಬೆಂಗಳೂರಿನದ್ದು ಹಿಂದೆ ಉಳೀತು, ಇರಲಿ ಬಿಡಿ. ಲಸಿಕೆ ಹಾಕ್ಸಿದ್ರೆ ಭೇದೀನೇ ಬರಲ್ಲ ಅಂತಲ್ಲ, ರೋಟಾದಿಂದ ಆಸ್ಪತ್ರೆ ಸೇರೋ ಅಷ್ಟು ಜೋರಾಗೋದು ಎಷ್ಟೋ ತಪ್ಪತ್ತೆ.

ಇನ್ನು ಜಿಂಕ್ ಮಾತ್ರೆ. ಆರು ತಿಂಗಳ ಮೇಲಿನ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ ಮಾತ್ರೆ, ಅಂದ್ರೆ 10. ಒಂದು ಚಮಚ ಎದೆಹಾಲಿಗೋ ನೀರಿಗೋ ಹಾಕಿದ್ರೆ ಕರಗತ್ತೆ. ಇದು ಭೇದಿ ದಿನಗಳನ್ನ ಕಮ್ಮಿ ಮಾಡತ್ತೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಬರೋದನ್ನೂ ತಡೆಯತ್ತೆ. ಮಳೆಗಾಲದ ಮುಂಚೆ ಆಶಾ ಕಾರ್ಯಕರ್ತೆ ಮನೆ ಮನೆಗೆ ಒಆರ್‌ಎಸ್ ತಂದು ಕೊಡ್ತಾರಲ್ಲ, ಭೇದಿ ಆಗಿರೋ ಮಗು ಇದ್ರೆ ಇದನ್ನೂ ಕೊಡ್ತಾರೆ. ಗೇಟಲ್ಲೇ ನಿಲ್ಸಿ ‘ನಮಗೆ ಬೇಡ’ ಅನ್ನಬೇಡಿ. ಭೇದಿ ನಿಂತ್ರೂ ಪೂರ್ತಿ 14 ದಿನ ಕೊಡಬೇಕು, ಎಲ್ಲರೂ ಬಿಡೋದು ಇಲ್ಲೇ. ನಮ್ಮ ಹುಡುಗಿ ಬೆಂಗಳೂರಿಗೆ ಹೊರಟಾಗ ಅಮ್ಮ ಮಾತ್ರೆ ಪಟ್ಟೀನ ಅವಳ ಕೈಚೀಲದ ಒಳಗಿನ ಜೇಬಿಗೆ ತಾವೇ ತುರುಕಿದ್ರು. ಒಂಬತ್ತನೇ ದಿನ ಅವಳಿಗೆ ಫೋನ್ ಹಚ್ಚಿಕೊಡು ಅಂದ್ರು. ಕೂಸು ಹೇಗಿದೆ, ಏನ್ ತಿಂತು ಅಂತ ಒಂದೂ ಕೇಳಲಿಲ್ಲ.

‘ಇವತ್ತಿಂದು ಹಾಕ್ದ್ಯಾ? ಇನ್ನೂ ಐದಿದೆ’ ಅಂದ್ರು.